ಮೊದೆಸ್ತಜ್ಜನ ಕಿಟಕಿಯ ವಯರು

ಕಂಡದ್ದನ್ನಷ್ಟೇ ಹೇಳುತ್ತೇನೆ. ನಮ್ಮ ಕೆನಡಾದ ಬಡಗಣ ಚಳಿಗೆ ಎಂಜಿನ್ ಹೀಟರಿನ ವಯರನ್ನು ರಾತ್ರಿಯಿಡೀ ಪ್ಲಗ್ಗಿಗೆ ಸಿಕ್ಕಿಸಿಡದಿದ್ದರೆ ಟ್ರಕ್ಕು ಕಲ್ಲಾಗುತ್ತದೆ. ಹೆಂಡತಿ ಸೆಲೀನಳಿಗೆ ಬೆಳಗ್ಗೆ ಹೆರಿಗೆ ನೋವು ಎದ್ದಾಗ ನಮ್ಮ ವಯರು ಮನೆಯೊಳಗೆ ಮೊಳೆಯಲ್ಲೇ ನೇತಾಡುತ್ತಿತ್ತು.

"ವಯರ್ ಸಿಕ್ಕಿಸ್ದೆಯಾ, ಇಲ್ಲಾ ಜಪಸರ ಎಣಿಸ್ತಾ ಮರ್ತೆಯಾ?" ನೋವಿನಲ್ಲೂ ಹಂಗಿಸಿದಳು.

"ದೇವರಿದ್ದಾನೆ, ನಡಿಯೇ."

ಹೊರಗೆ ಟ್ರಕ್ಕಿನ ಮೂತಿ ಮಲಗಿದ್ದ ನಾಯಿಯ ಮೈಯಂತೆ ಬೆಚ್ಚಗಿತ್ತು. ಅಲ್ಲಿಂದ ಯಾವುದೋ ಹಳೇ ವಯರು ಹೊರಟು, ಹೆಜ್ಜೆ ಮೂಡದ ಹಿಮದ ಮೇಲೆ ಹಾದು, ಪಕ್ಕದ ಮನೆಯ ಮೊದೆಸ್ತಜ್ಜನ ಕಿಟಕಿಯೊಳಗೆ ಹೋಗಿತ್ತು. ನನ್ನ ಮರೆವಿಗೆ ಸದಾ ಬೈಯುತ್ತಿದ್ದ ಅಜ್ಜ ತೀರಿಕೊಂಡು ವರ್ಷವಾಗಿತ್ತು. ಅಂದಿನಿಂದ ಆ ಮನೆಗೆ ಕರೆಂಟೇ ಇರಲಿಲ್ಲ.

"ಒಳ್ಳೇದಾಗ್ಲಿ ಅಜ್ಜ," ಎಂದು ವಯರು ಕಳಚಿದೆ. ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಆಸ್ಪತ್ರೆಯ ದಾರಿಗೆ ತಿರುಗುವಾಗ ಕನ್ನಡಿಯಲ್ಲಿ ನೋಡಿದೆ. ಯಾರೋ ಒಳಗೆ ಕೂತು ಸುತ್ತಿಕೊಳ್ಳುತ್ತಿರುವಂತೆ, ವಯರು ನಿಧಾನವಾಗಿ ಕಿಟಕಿಯೊಳಗೆ ಸರಿಯುತ್ತಿತ್ತು.