ಡೀಸೆಲ್ಲಿನ ತಳದಲ್ಲಿ ನೀರು

"ಕಳ್ಳನ ಗ್ಯಾರೇಜಿಗೆ ಗಾಡಿ ತಂದೀರೇನ್ರಿ, ಧಣ್ಯಾರ ಮಗಳು?"

ಕೊಟ್ರೇಶ ತಲೆಯೆತ್ತದೆ ಕೇಳಿದ. ರಾಣೆಬೆನ್ನೂರಿನ ಆ ತಗಡಿನ ಶೆಡ್ಡಿನ ಮುಂದೆ ಪಿಕಪ್ ಗಾಡಿ ನಿಂತಲ್ಲೇ ಗಡಗಡ ನಡುಗಿ ಆರಿಹೋಯಿತು. ಶ್ವೇತಾ ಮತ್ತೆ ಕೀಲಿ ತಿರುಗಿಸಿದಳು. ಇಂಜಿನ್ ಗೊರಗುಟ್ಟಿತೇ ಹೊರತು ಚಾಲೂ ಆಗಲಿಲ್ಲ.

೨೦೦೬ರ ಮೆಣಸಿನಕಾಯಿ ಸುಗ್ಗಿ ಶುರುವಾದಾಗ ಇದೇ ಗಾಡಿಗೆ ಅವನು ಡ್ರೈವರ್. ಬ್ಯಾಡಗಿಯಲ್ಲಿ ಅವಳ ತಂದೆ ಕರಬಸಪ್ಪನವರ ದಲಾಲಿ ಅಂಗಡಿಯಲ್ಲಿ ಇಬ್ಬರ ಕಣ್ಣುಗಳೂ ಪರಸ್ಪರ ಮಾತು ಕೊಟ್ಟಿದ್ದವು. ಆದರೆ ಟ್ಯಾಂಕಿನಲ್ಲಿ ನೀರು ಸಿಕ್ಕ ದಿನ, ರಸಾಯನಶಾಸ್ತ್ರದ ಪದವೀಧರೆ ಶ್ವೇತಾ ತುಂಬಿದ ಮಾರುಕಟ್ಟೆಯಲ್ಲಿ ತೀರ್ಪು ಕೊಟ್ಟುಬಿಟ್ಟಿದ್ದಳು. ಕ್ಯಾನಿನಿಂದ ಡೀಸೆಲ್ ಹಾಕುವವನು ಅವನೊಬ್ಬನೇ. ಆದ್ದರಿಂದ ಡೀಸೆಲ್ ಕದ್ದು ನೀರು ಬೆರೆಸಿದವನೂ ಅವನೇ.

ಕೊಟ್ರೇಶ ಒಂದು ಮಾತೂ ಆಡದೆ ಕೀಲಿ ಇಟ್ಟು ಹೋಗಿದ್ದ.

"ರಿಪೇರಿಗೆ ತಂದಿಲ್ಲ," ಎಂದಳು ಶ್ವೇತಾ. "ನೀವು ಹೋದ ಮ್ಯಾಲೂ ಗಾಡಿ ಹಿಂಗ ಐತಿ. ಬ್ಯಾಟರಿ ನೋಡಿದೆ, ಛಲೋ ಐತಿ. ಏರ್ ಫಿಲ್ಟರ್ ಬದಲಿಸಿದೆ, ಫರಕ್ ಆಗ್ಲಿಲ್ಲ. ಆಮ್ಯಾಲೆ ಡೀಸೆಲ್ ಫಿಲ್ಟರಿನ ತಳದ ಸ್ಕ್ರೂ ಬಿಚ್ಚಿ ಗಾಜಿನ ಬಾಟ್ಲಿಗೆ ಬಿಟ್ಟೆ. ಮ್ಯಾಲೆ ಡೀಸೆಲ್, ಕೆಳಗ ನೀರು."

"ಅದನ್ನೂ ನಾನ ಬಂದು ಹಾಕಿ ಹೋಗೇನಿ ಅನ್ರಿ."

"ಹಾಕಿದಾಕಿ ನಾನು."

ಬೋಲ್ಟು ತಿರುವುತ್ತಿದ್ದ ಅವನ ಪಾನಾ ನಿಂತಿತು.

ಚೀಲಕ್ಕೆ ತುಳಿದು ತುಂಬುವಾಗ ಕಾಯಿ ಪುಡಿಯಾಗಬಾರದೆಂದು ಗೋದಾಮಿನಲ್ಲಿ ಹಿಂದಿನ ಸಂಜೆಯೇ ರಾಶಿಗೆ ನೀರು ಚಿಮುಕಿಸುತ್ತಾರೆ. ಆ ರಾಶಿಯ ಪಕ್ಕದಲ್ಲೇ ಡೀಸೆಲ್ ಕ್ಯಾನು. ಮುಚ್ಚಳ ಕಳೆದಾಗ, ಧೂಳು ಬೀಳದಿರಲೆಂದು ಅದರ ಬಾಯಿಗೆ ಅರಿವೆ ತುರುಕಿದವಳು ಶ್ವೇತಾ. ದಿನವೂ ಅರಿವೆ ತೊಯ್ದು, ನೀರು ಒಳಗೆ ಹನಿಯುತ್ತಿತ್ತು...

"ಕ್ಯಾನ್ ಹೊರಗ ಇಟ್ಟು ನೋಡಿದೆ. ಅದರಾಗ ನೀರು ಬೀಳೂದು ನಿಂತೈತಿ. ಟ್ಯಾಂಕ್ ಮಾತ್ರ ತೊಳಿಸಿಲ್ಲ. ನೀವ ಕಣ್ಣಾರೆ ನೋಡ್ರಿ ಅಂತ."

ಕೊಟ್ರೇಶ ನಕ್ಕ. ಅದಕ್ಕಿಂತ ಬೈದಿದ್ದರೇ ವಾಸಿ ಎನಿಸಿತು ಅವಳಿಗೆ.

"ನಮ್ಮವ್ವ ಹೋದ್ಲು. ಕಡೀಗೆ ಕೇಳಿದ್ದು ಒಂದ ಮಾತು, 'ಖರೇನ ಕದ್ದಿದ್ದೇನೋ, ಕೊಟ್ರಾ?' ಅಂತ. ನಿನ್ನ ಬಾಟ್ಲಿ ಒಯ್ದು ಆಕೀಗೆ ತೋರಿಸ್ತೀಯೇನು?"

ಕೊಟ್ರೇಶನ ತಾಯಿ ಪ್ರೇಮವ್ವ ಇನ್ನಿಲ್ಲ... ಶ್ವೇತಾ ಮನಸ್ಸಿನಲ್ಲೇ ಕೇಳಿಕೊಂಡಳು: 'ಇದನ್ನು ನಾನು ಯಾವ ಪ್ರಯೋಗದಿಂದ ಸರಿಪಡಿಸಲಿ?'

"ತಪ್ಪಾತು..."

"ಇಲ್ಲಿ ಯಾರದಾರ ಕೇಳಾಕ? ಎಲ್ಲಿ ಕಳ್ಳ ಅಂದಿ, ಅಲ್ಲೇ ಹೇಳು."

ಅಂದು ಮಧ್ಯಾಹ್ನ ಬ್ಯಾಡಗಿಯ ಮಾರುಕಟ್ಟೆಯಲ್ಲಿ, ದಲಾಲರೂ ಹಮಾಲರೂ ನೋಡುತ್ತಿರುವಂತೆ ಶ್ವೇತಾ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿ ತಂದ ಗಾಡಿಯ ಫಿಲ್ಟರಿನ ಸ್ಕ್ರೂ ಬಿಚ್ಚಿ ನೀರು ತೋರಿಸಿದಳು. ಅರಿವೆ ತುರುಕಿದ್ದು ತಾನೆಂದು ಏನನ್ನೂ ಬಿಡದೆ ಹೇಳಿದಳು. ಕೊಟ್ರೇಶ ದೂರದಲ್ಲಿ ಕೈಕಟ್ಟಿ ನಿಂತಿದ್ದ.

ಹಮಾಲ ಭರಮಣ್ಣ ಕೆಮ್ಮಿದ. "ಡ್ರೈವರ್‌ನ ಬಿಟ್ಟಿರಾಕ ಆಗವಲ್ದು ಅನ್ನವಾ ತಂಗಿ. ನೀರಿನ ಕಥಿ ಯಾಕ?"

ಎಲ್ಲರೂ ನಕ್ಕರು.

"ಅದೂ ಖರೇ ಐತಿ, ಭರಮಣ್ಣ. ಇದೂ ಖರೇ ಐತಿ."

ನಗು ನಿಂತಿತು. ಮರುಕ್ಷಣವೇ ಕರಬಸಪ್ಪನವರ ಕೈ ಅವಳ ಕೆನ್ನೆಗೆ ಬಿತ್ತು.

"ಮಂದಿ ಮುಂದ ನನ್ನ ಮಾನಾ ಕಳದಿ. ಇನ್ನ ನನ್ನ ಹೊಸ್ತಿಲಾ ತುಳೀಬ್ಯಾಡ."

ಅವರು ತಿರುಗಿ ನೋಡದೆ ಹೋದರು. ಗುಂಪು ಕರಗಿತು. ಕೊಟ್ರೇಶ ಮೆಲ್ಲನೆ ಹತ್ತಿರ ಬಂದ.

"ಅವತ್ತ ಯಾಕ ಒಂದ ಮಾತೂ ಆಡ್ಲಿಲ್ಲ ನೀವು?" ಎಂದಳು.

"ಬ್ಯಾರೆದಾವ್ರು ಅಂದಿದ್ರ ಜಗಳಾ ಆಡ್ತಿದ್ದೆ. ಅಂದಾಕಿ ನೀನು." ಅವನ ದನಿ ಒಡೆಯಿತು. "ಸಿಟ್ಟು ಹೋಗಿಲ್ಲ ನನಗ, ಶ್ವೇತಾ. ಲಗೂ ಹೋಗೂದೂ ಇಲ್ಲ. ನಿನ್ನ ಮ್ಯಾಲಿನ ಜೀವ... ಅದೂ ಹೋಗವಲ್ದು."

"ಬೈಕೋತನ ಇರ್ರಿ. ದೂರ ಇದ್ದು ಬೈಬ್ಯಾಡ್ರಿ."

ಅವನ ಕೈ ಅವಳ ಕೆನ್ನೆಯ ಬಳಿ ಬಂದು, ಮುಟ್ಟಲು ಅಂಜಿ ನಿಂತಿತು. ಶ್ವೇತಾ ತಾನೇ ಆ ಕೈಗೆ ಕೆನ್ನೆಯೊತ್ತಿದಳು.

"ನೋಯ್ತೈತೇನು?"

"ನೋಯ್ತೈತಿ... ಕೈ ತಗೀಬ್ಯಾಡ."