ಅರ್ಧ ನಿಮಿಷದ ಮೌನ

ಡಬ್ಬಿಂಗ್ ಕೋಣೆಯ ಗಾಜಿನ ಆಚೆ ಅವಳು ಮತ್ತೆ ಹೀರೋಗೆ ದನಿ ಕೊಡುವವನ ಹೆಗಲಿಗೆ ಒರಗಿದ್ದಳು. ಅತ್ತು ಅತ್ತು ಸುಸ್ತಾಯಿತಂತೆ! ಡಬ್ಬಿಂಗ್ ಮುಗಿದು ಎಷ್ಟೋ ಹೊತ್ತಾಗಿದ್ದರೂ ಅಳು ಮುಗಿದಿರಲಿಲ್ಲ. ಹೀರೋ ದನಿಯವನು ಕರ್ಚೀಫು ಕೊಟ್ಟ. ಅವಳು ಒದ್ದೆ ರೆಪ್ಪೆ ಎತ್ತಿ ಅವನನ್ನು ನೋಡಿದಳು, ಆಮೇಲೆ ಓರೆಗಣ್ಣಲ್ಲಿ ಗಾಜಿನ ಕಡೆ.

ಈಚೆ ಕೂತು ರೆಕಾರ್ಡ್ ಮಾಡುವ ಸೌಂಡಿನವನ ಹೊಟ್ಟೆಗೆ ಕಿಚ್ಚು ಬಿತ್ತು. ಎಲ್ಲರೂ 'ಮಿಂಚು' ಎಂದು ಕರೆಯುವ ಇವಳು ಒಂದು ವರ್ಷದಿಂದ ಅವನ ಹುಡುಗಿ. ಸ್ಟುಡಿಯೋದವರಿಗೆಲ್ಲ ನಗು, ಕಣ್ಣೀರು, ಮೂರ್ಛೆ ಬೇಕಾದಷ್ಟು ಹಂಚುವವಳು, ಅವನ ಜೊತೆ ಬಸ್ಸಿನಲ್ಲಿ ಮಾತ್ರ ಕಿಟಕಿಗೆ ತಲೆ ಕೊಟ್ಟು ತೆಪ್ಪಗಿರುತ್ತಿದ್ದಳು. ಇವತ್ತೇ ಇತ್ಯರ್ಥ ಮಾಡಿಬಿಡಬೇಕು ಅಂದುಕೊಂಡ.

ಎಲ್ಲರೂ ಹೊರಟ ಮೇಲೆ ಗಾಜಿನಾಚೆ ಅವಳಿದ್ದ ಕೋಣೆಗೆ ನುಗ್ಗಿದ.

"ಅವನನ್ನೇ ಮದುವೆ ಆಗು. ನನ್ ಹತ್ರ ನಿಂಗೆ ಅಳೋಕೂ ಬೇಜಾರು."

ಕಿರುಚುತ್ತಾಳೆ, ದೊಪ್ಪನೆ ಬೀಳುತ್ತಾಳೆ ಎಂದು ಕಾದ. ಅವಳು ಸುಮ್ಮನೆ ಸ್ಟೂಲಿನ ಮೇಲೆ ಕೂತಳು.

"ಕೌನ್ಸೆಲರ್ ಹತ್ರ ಹೋಗ್ತಿದೀನಿ. ಇದಕ್ಕೊಂದು ಹೆಸರಿದೆಯಂತೆ, ಹಿಸ್ಟ್ರಿಯಾನಿಕ್ ಪರ್ಸನಾಲಿಟಿ ಡಿಸಾರ್ಡರ್. ಯಾರೂ ನೋಡ್ದೆ ಇದ್ರೆ ನಾನೇ ಇಲ್ಲ ಅನ್ಸತ್ತೆ ಕಣೋ. ಭಯ ಆಗತ್ತೆ."

"ಹಾಗಾದ್ರೆ ಅಳೋದೆಲ್ಲ ನಾಟಕಾನಾ?"

"ಅಳು ನಿಜಾನೇ. ವಾಲ್ಯೂಮ್ ಜಾಸ್ತಿ."

ಅವನಿಗೆ ನಗು ಬಂತು, ನುಂಗಿಕೊಂಡ.

"ಯಾರ ಹತ್ರ ಸುಮ್ನೆ ಇರಕ್ಕಾಗತ್ತೆ ಅಂತ ಕೌನ್ಸೆಲರ್ ಕೇಳಿದ್ರು," ಅಂದಳು.

"ಯಾರ ಹೆಸರು ಹೇಳ್ದೆ?"

"ಅದಕ್ಕೂ ಹೊಟ್ಟೆಕಿಚ್ಚಾ?" ಅವಳ ಕೆನ್ನೆಯಲ್ಲಿ ಗುಳಿ ಬಿತ್ತು. "ನಿಂದೇ, ಪೆದ್ದಾ. ಬಸ್ಸಲ್ಲಿ ಏನೂ ಮಾಡ್ದೆ ಇದ್ರೂ ನಾನು ಇದೀನಿ ಅನ್ಸತ್ತೆ."

ಅವನು ವರ್ಷವಿಡೀ ತನ್ನ ಕೈಯಲ್ಲೇ ಇದ್ದುದನ್ನು ಇಲ್ಲವೆಂದು ಹಲುಬಿದ್ದ.

"ನಾಳೆ ಮತ್ತೆ ಯಾರದೋ ಹೆಗಲಿಗೆ ಬೀಳ್ತೀನೇನೋ," ಅಂದಳು ಅವಳು. "ಒಂದೇ ಸಲಕ್ಕೆ ಹೋಗಲ್ವಂತೆ ಇದು."

"ನಾನೂ ಉರ್ಕೋತೀನೇನೋ. ಆದ್ರೆ ಬಿಟ್ಟು ಹೋಗಲ್ಲ."

ಕೊನೆಯ ಕೆಲಸವೊಂದು ಉಳಿದಿತ್ತು. ಸಿನಿಮಾದಲ್ಲಿ ಮಾತುಗಳ ನಡುವಿನ ಜಾಗ ತುಂಬಲು ಖಾಲಿ ಕೋಣೆಯ ಮೌನವನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಬೇಕು. ಮಿಂಚು ಒಳಗಿದ್ದರೆ ಒಂದು ಕೆಮ್ಮೋ, ಕಿಸಕ್ಕೆಂಬ ನಗುವೋ ಗ್ಯಾರಂಟಿ. ಅದಕ್ಕೇ ಅವಳನ್ನು ಮೊದಲು ಹೊರಗೆ ಅಟ್ಟುತ್ತಿದ್ದರು.

"ಇವತ್ತು ಒಳಗಿರ್ಲಾ? ನೀನು ನನ್ನ ನೋಡಬಾರ್ದು."

ಅವನು ತನ್ನ ಜಾಗಕ್ಕೆ ಹೋಗಿ, ಹೆಡ್‌ಫೋನ್ ಹಾಕಿ, ಗಾಜಿಗೆ ಬೆನ್ನು ಮಾಡಿ ಬಟನ್ ಒತ್ತಿದ. ತಿರುಗಿ ನೋಡಲು ಜೀವ ಹಾತೊರೆಯಿತು, ತಿರುಗಲಿಲ್ಲ. ಕೆಮ್ಮಿಲ್ಲ, ನಗುವಿಲ್ಲ. ಕೊನೆಯಲ್ಲಿ ಮಾತ್ರ ನಡುಗುವ ಒಂದು ಉಸಿರು ಕೇಳಿಸಿತು.

"ಕೆಡಿಸಿಬಿಟ್ನಾ?"

ಕೆಲಸದ ಲೆಕ್ಕಕ್ಕೆ ಕೆಟ್ಟಿತ್ತು.

"ಸಿನಿಮಾಗೆ ಇನ್ನೊಂದು ತಗೋತೀನಿ," ಎಂದ ಅವನು. "ಇದು ನಂಗಿರ್ಲಿ."