ಪ್ಲೇಯರ್‌ನಿಂದ ಕಾಣೆಯಾದ ದನಿ

ಪ್ಲೇ ಒತ್ತಿದರೆ ದನಿ ಇಲ್ಲ.

ಅರ್ಪಿತ ಮತ್ತೊಮ್ಮೆ ಒತ್ತಿದಳು. ಟ್ಯಾಬಿನ ಪರದೆಯ ಮೇಲೆ ತಮಟೆಯ ಸಾಲು ಓಡುತ್ತಿತ್ತು, ಕೊಳಲಿನ ಸಾಲೂ ಓಡುತ್ತಿತ್ತು. ಅವೆರಡರ ನಡುವೆ ಕೇಳಬೇಕಾಗಿದ್ದ ಹೆಣ್ಣುದನಿ ಮಾತ್ರ ಇಲ್ಲ. ಪ್ಲೇಯರ್‌ನ ಚೌಕದೊಳಗೆ ಸಣ್ಣ ಕೆಂಪಕ್ಷರಗಳು— ‘ಫೈಲ್ ಸಿಗುತ್ತಿಲ್ಲ.’

ಶನಿವಾರ ಬೆಳಗ್ಗೆ ಹತ್ತು ಗಂಟೆ. ಸಂಜೆ ಆರಕ್ಕೆ ಮಂಡ್ಯದಲ್ಲಿ ಕಾರ್ಯಕ್ರಮ. ಕರಪತ್ರದಲ್ಲಿ ಅಚ್ಚಾಗಿದ್ದ ಹೆಸರು ಅರ್ಪಿತಳದ್ದಾದರೂ ಜನ ಬರುತ್ತಿದ್ದುದು ಅವಳ ಸೋದರತ್ತೆ ಚಿಕ್ಕಬೋರಮ್ಮನ ದನಿ ಕೇಳಲು. ಹೊಳಲು ಊರಿನಲ್ಲಿ ಮೂವತ್ತು ವರ್ಷ ಆಕೆಯ ಸೋಬಾನೆ ಇಲ್ಲದೆ ಒಂದು ಮದುವೆಯೂ ನಡೆದಿರಲಿಲ್ಲ. ಹೋದ ವರ್ಷ ಗಂಟಲಲ್ಲಿ ಗೆಡ್ಡೆ ಕಾಣಿಸಿತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಆಕೆ ಉಸಿರಾಡುವುದು ಕತ್ತಿನ ಬುಡದಲ್ಲಿ ಮಾಡಿದ ತೂತಿನಿಂದ. ಅದರ ಮೇಲೊಂದು ತೆಳುವಾದ ಬಟ್ಟೆ. ಮಾತು ಪೂರ್ತಿ ನಿಂತುಹೋಗಿದೆ.

ಆಪರೇಷನ್ನಿನ ಹಿಂದಿನ ದಿನ ಅರ್ಪಿತ ಅತ್ತೆಯನ್ನು ಕೂರಿಸಿಕೊಂಡು ಎರಡು ಗಂಟೆ ಹಾಡಿಸಿ ರೆಕಾರ್ಡ್ ಮಾಡಿಕೊಂಡಿದ್ದಳು. ಜಗತ್ತಿನಲ್ಲಿ ಉಳಿದಿದ್ದ ಚಿಕ್ಕಬೋರಮ್ಮನ ದನಿ ಅಷ್ಟೇ. ಇನ್ನೊಂದು ಕಾಪಿ ಇಡಬೇಕು ಎಂದು ನೂರು ಸಲ ಅಂದುಕೊಂಡಿದ್ದಳು, ಒಂದು ಸಲವೂ ಇಟ್ಟಿರಲಿಲ್ಲ.

ಅರ್ಪಿತಳ ಅಳು ಕೇಳಿ ಪಕ್ಕದ ಮನೆಯ ಭಾಗ್ಯಲಕ್ಷ್ಮಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಬಂದರು. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ಎರಡು ವರ್ಷದ ಹಿಂದಷ್ಟೇ ನಿವೃತ್ತಿಯಾದವರು. ಮದ್ದೂರಿನ ಆ ಬೀದಿಯಲ್ಲಿ ಕೋಳಿ ಕಳೆದರೂ ಮೊದಲು ತಟ್ಟುತ್ತಿದ್ದುದು ಅವರ ಬಾಗಿಲನ್ನೇ.

“ಮೊದ್ಲು ಅಳೋದು ನಿಲ್ಸು. ಏನ್ ಕಳ್ದದೆ, ಅದ್ನ ಹೇಳು.”

“ದನಿ, ಅಕ್ಕ. ಅತ್ತೆ ದನಿ.”

“ಎಲ್ಲಿತ್ತು?”

“ಇದ್ರಲ್ಲಿ.” ಅರ್ಪಿತ ಕೆಂಪಕ್ಷರ ತೋರಿಸಿದಳು. “ಇದು ಹಾಡು ಕಟ್ಟೋ ಆ್ಯಪು. ಅದರೊಳಗೆ ಕೂರಿಸ್ಕೊಳ್ಳೋ ಪ್ಲಗಿನ್ ಈ ಪ್ಲೇಯರು. ನಾವು ರೆಕಾರ್ಡ್ ಮಾಡಿಟ್ಟಿರೋ ದನೀನ ಬೇಕಾದ ಜಾಗದಲ್ಲಿ ನುಡಿಸುತ್ತೆ. ತಮಟೆ ಎಷ್ಟು ಜೋರಾಗಿ ಓಡುತ್ತೋ ಅಷ್ಟೇ ಜೋರಾಗಿ ದನೀನೂ ಓಡಿಸುತ್ತೆ.”

“ದನಿ ಈ ಪ್ಲೇಯರ್ ಒಳಗೇ ಇತ್ತಾ?”

“ಇಲ್ಲ. ಫೈಲು ಟ್ಯಾಬಲ್ಲೇ ಬೇರೆ ಫೋಲ್ಡರ್‌ನಲ್ಲಿತ್ತು. ಪ್ಲೇಯರ್‌ಗೆ ಅದರ ವಿಳಾಸ ಗೊತ್ತು ಅಷ್ಟೇ. ಈಗ ನೋಡಿದ್ರೆ ಆ ಫೋಲ್ಡರೇ ಖಾಲಿ. ಡಿಲೀಟ್ ಮಾಡಿದ್ದು ಹೋಗಿ ಬೀಳೋ ಬುಟ್ಟೀಲೂ ಇಲ್ಲ.”

“ಕಡೇ ಸಲ ಯಾವಾಗ ಕೇಳ್ದೆ?”

“ನಿನ್ನೆ ಸಂಜೆ ಐದಕ್ಕೆ. ಪ್ರಾಕ್ಟೀಸಲ್ಲಿ.”

“ಯಾರ್‍ಯಾರಿದ್ರು?”

“ನಾನು, ಚಲುವರಾಜು, ದೀಪಿಕ.”

ಮೂಲೆಯಲ್ಲಿ ಕಿಟಕಿಯ ಪಕ್ಕ ಚಿಕ್ಕಬೋರಮ್ಮ ಕೂತಿದ್ದರು. ಆಪರೇಷನ್ ಆದಮೇಲೆ ಇದೇ ಮನೆಯಲ್ಲಿದ್ದಾರೆ. ಸೋದರಸೊಸೆ ಅಳುವುದನ್ನು ನೋಡುತ್ತಾ ಮಡಿಲಲ್ಲಿ ಕೈಗಳನ್ನು ಹಿಡಿದುಕೊಂಡಿದ್ದರು.

ಹನ್ನೊಂದಕ್ಕೆ ಚಲುವರಾಜು ಬಂದ. ಮಳವಳ್ಳಿಯವನು, ತಮಟೆಯ ಚೀಲ ಹೆಗಲಲ್ಲಿತ್ತು. ವಿಷಯ ಕೇಳಿದ್ದೇ ಕೆಂಪಾದ.

“ಬಸ್ ಇಳ್ದು ಇನ್ನೂ ನೀರ್ ಕುಡ್ದಿಲ್ಲ, ಆಗ್ಲೇ ಕಳ್ಳ ಅಂತೀರಲ್ಲಕ್ಕ?”

“ಯಾರೂ ಅನ್ನಲಿಲ್ಲ. ನಿನ್ನೆ ಜಗಳ ಆಡ್ದೆಯಂತೆ?”

“ಆಡ್ದೆ. ನಾನ್ ಬಾರ್ಸಿದ್ದು ಪದಕ್ಕೆ ಸರಿ ಬಂದಿಲ್ಲ, ಇನ್ನೊಂದ್ ಸಲ ರೆಕಾರ್ಡ್ ಮಾಡ್ಕೊಳವ್ವ ಅಂದೆ. ಟ್ಯಾಬಲ್ಲಿ ಜಾಗಿಲ್ಲ, ಇನ್ನೂರು ಎಂಬಿ ಉಳ್ದದೆ ಅಂದ್ಲು. ಬೋರಮ್ಮನ ರೆಕಾರ್ಡಿಂಗು ಒಂದೂವರೆ ಜೀಬಿ ತಿಂದ್ಕಂಡು ಕುಂತದಲ್ಲ, ಅದ್ನ ಮೊದ್ಲು ತಗಿ ಅಂದ್ಬುಟ್ಟೆ.”

“ಅಂದೋನು ತಗದ್ಬುಟ್ಟೆಯಾ?”

“ಸಿಟ್ಟಲ್ಲಿ ಅಂದಿದ್ದು ಕಣಕ್ಕ!” ಅವನು ತಮಟೆಯ ಚೀಲ ಕೆಳಗಿಟ್ಟ. “ನಮ್ಮಕ್ಕನ ಮದ್ವೇಲಿ ಸೋಬಾನೆ ಏಳಿದ್ದು ಆಯಮ್ಮನೇಯ. ನಾನು ತಗಿತೀನಾ?”

ದೀಪಿಕ ಬಂದಾಗ ಇನ್ನೂ ಕಷ್ಟವಾಯಿತು. ಮಂಡ್ಯದ ಕಾಲೇಜೊಂದರ ಆಫೀಸಿನಲ್ಲಿ ಕೆಲಸ, ಒಳ್ಳೆಯ ಕಂಠ. ಅತ್ತೆಯ ಸೋಬಾನೆ ಪದವನ್ನು ತಾನೇ ವೇದಿಕೆ ಮೇಲೆ ಹಾಡುತ್ತೇನೆ ಎಂದು ತಿಂಗಳ ಹಿಂದೆ ಕೇಳಿಕೊಂಡಿದ್ದಳು. ಅರ್ಪಿತ ಒಪ್ಪಿರಲಿಲ್ಲ.

“ಫೈಲ್ ಇಲ್ದಿದ್ರೆ ಇವತ್ತು ನಾನೇ ಹಾಡ್ಬೇಕಾಗುತ್ತೆ. ಅದಕ್ಕೆ ನನ್ನ ಮೇಲೆ ಅನುಮಾನ, ಅಲ್ವಾ ಮೇಡಂ?”

“ನಿನ್ನೆ ಇವರಿಬ್ರೂ ಆಚೆ ಜಗಳ ಆಡ್ತಿದ್ದಾಗ ಒಳಗೆ ನೀನಿದ್ದೆ?”

“ಇದ್ದೆ. ಕಾಲು ಗಂಟೆ.”

“ಟ್ಯಾಬ್ ಮುಟ್ಟಿದ್ಯಾ?”

ದೀಪಿಕ ತಲೆ ತಗ್ಗಿಸಿದಳು. “ಮುಟ್ಟಿದೆ. ಎತ್ತಿ ಅತ್ತೆ ಕೈಗೆ ಕೊಟ್ಟೆ ಅಷ್ಟೇ. ಅವ್ರು ಬರೆದು ತೋರ್ಸೋ ಫೋನ್ ಚಾರ್ಜಿಗಿತ್ತು. ಕಾಪಿ ಕುಡೀತೀಯಾ ಅಂತ ಬರೆದು ತೋರ್ಸಿದ್ರು. ಬೇಡ ಅಂದು ಕೆಳಗಡೆ ಫೋನ್ ಮಾತಾಡೋಕೆ ಹೋದೆ. ಆಣೆ, ಇನ್ನೇನೂ ಮಾಡಿಲ್ಲ.”

ಅರ್ಪಿತ ಅವಳ ಮುಖ ನೋಡಲಿಲ್ಲ. ನಂಬಬೇಕು ಎನಿಸುತ್ತಿತ್ತು, ಆಗುತ್ತಿರಲಿಲ್ಲ. ಮೂರು ವರ್ಷ ಜೊತೆಗೆ ಹಾಡು ಕಟ್ಟಿದ್ದರು. ಮದ್ದೂರಿನಿಂದ ಮಂಡ್ಯಕ್ಕೆ ಕೆಲಸಕ್ಕೆ ಹೋಗುವ ರೈಲಿನಲ್ಲಿ ಒಂದೇ ಇಯರ್‌ಫೋನನ್ನು ಇಬ್ಬರೂ ಕಿವಿಗಿಟ್ಟುಕೊಂಡು ರಾಗ ಜೋಡಿಸಿದ್ದರು. ಒಂದೇ ಬೆಳಗ್ಗೆಯಲ್ಲಿ ಅದೆಲ್ಲ ಮಣ್ಣುಪಾಲಾಗುತ್ತಿತ್ತು.

ಭಾಗ್ಯಲಕ್ಷ್ಮಿ ಟ್ಯಾಬನ್ನು ಅರ್ಪಿತಳ ಕಡೆ ಸರಿಸಿದರು. ಆಮೇಲೆ ಯಾರೂ ನಿರೀಕ್ಷಿಸದ ಪ್ರಶ್ನೆ ಕೇಳಿದರು.

“ಅರ್ಪಿತ, ಟ್ಯಾಬಲ್ಲಿ ಈಗ ಜಾಗ ಎಷ್ಟದೆ?”

“ಈಗ ಯಾಕಕ್ಕ ಅದು?”

“ನೋಡು.”

ಅರ್ಪಿತ ನೋಡಿದಳು. “ಇನ್ನೂರು ಎಂಬಿ.”

“ನಿನ್ನೆ?”

“ನಿನ್ನೇನೂ ಇನ್ನೂರು…” ಅವಳು ಪರದೆಯನ್ನು ಮತ್ತೊಮ್ಮೆ ನೋಡಿದಳು.

“ಒಂದೂವರೆ ಜೀಬಿ ಎದ್ದು ಹೋಗಿದ್ರೆ ಅಷ್ಟು ಜಾಗ ಖಾಲಿ ಆಗ್ಬೇಕಿತ್ತು, ಅಲ್ವಾ? ನಂಗೆ ನಿನ್ ಪ್ಲಗಿನ್ನು ಪಗಿನ್ನು ಗೊತ್ತಿಲ್ಲ. ಆದ್ರೆ ಮನೆಯಿಂದ ಬೀರು ಹೋದ್ರೆ ಗೋಡೆ ಕಾಣ್ಬೇಕು. ಇಲ್ಲಿ ಕಾಣ್ತಿಲ್ಲ. ನಿನ್ ದನಿ ಈ ಟ್ಯಾಬ್ ಬಿಟ್ಟು ಹೋಗೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಫೈಲ್ ಯಾವುದು, ಹುಡುಕು.”

ಅರ್ಪಿತ ಟ್ಯಾಬ್ ಎತ್ತಿಕೊಂಡಳು. ಫೋಲ್ಡರಿನಿಂದ ಫೋಲ್ಡರಿಗೆ ಹೋದಳು. ಹಳೇ ಕರೆಂಟು ಬಿಲ್ಲುಗಳ ನಡುವೆ ಒಂದು ಫೈಲು ಸಿಕ್ಕಿತು. ಒಂದೂವರೆ ಜೀಬಿ. ಎರಡು ಗಂಟೆ ನಾಲ್ಕು ನಿಮಿಷ. ಒತ್ತಿದಳು. ಕೋಣೆಯ ತುಂಬ ಅತ್ತೆಯ ದನಿ.

ದೀಪಿಕ ಬಿಕ್ಕಿದಳು. ಚಲುವರಾಜು ಗೋಡೆಗೆ ಒರಗಿ ಕಣ್ಣು ಮುಚ್ಚಿದ.

“ಹೆಸರೇನದೆ ಅದಕ್ಕೆ?” ಭಾಗ್ಯಲಕ್ಷ್ಮಿ ಕೇಳಿದರು.

“‘ನಂದು.’”

“ನಂದು ಅಂದ್ರೆ ಯಾರಕ್ಕ?” ಎಂದ ಚಲುವರಾಜು. “ಕೊಳಲು ಊದೋ ನಂದೀಶನಾ? ಅವ್ನು ನಿನ್ನೆ ಬಂದೇ ಇಲ್ವಲ್ಲ!”

ಭಾಗ್ಯಲಕ್ಷ್ಮಿ ನಕ್ಕರು. “ಮನುಷ್ಯರ ಹೆಸರಲ್ಲ ಕಣೋ. ನನ್ನದು, ನಂದು. ಎಲ್ಲಾ ನಿಮ್ ನಿಮ್ ಫೋನ್ ತೋರಿಸಿ. ಮೆಸೇಜು ಹೆಂಗ್ ಬರೀತೀರಿ?”

ಮೂವರೂ ತೋರಿಸಿದರು. ಮೂವರದ್ದೂ ಒಂದೇ ರೀತಿ. ಮಾತು ಕನ್ನಡದ್ದು, ಅಕ್ಷರ ಇಂಗ್ಲಿಷಿನದು.

“ಟ್ಯಾಬಲ್ಲಿರೋ ಮಿಕ್ಕ ಫೈಲ್ ಹೆಸರು?”

“ಎಲ್ಲಾ ಇಂಗ್ಲಿಷ್ ಅಕ್ಷರ,” ಎಂದಳು ಅರ್ಪಿತ.

“ಇದೊಂದು ಮಾತ್ರ ಕನ್ನಡ ಅಕ್ಷರ. ಈ ಮನೇಲಿ ಕನ್ನಡ ಅಕ್ಷರದಲ್ಲಿ ಬೆರಳಾಡಿಸೋರು ಯಾರು? ಎಂಟು ತಿಂಗಳಿಂದ ಅದ್ರಲ್ಲೇ ಮಾತಾಡ್ತಿರೋರು ಯಾರು? ನಿನ್ನೆ ಟ್ಯಾಬ್ ಇಸ್ಕೊಂಡು ‘ಕಾಪಿ ಕುಡೀತೀಯಾ’ ಅಂತ ಬರೆದೋರು ಯಾರು? ದೀಪಿಕ ಬಾಯಿಬಿಟ್ಟು ಹೇಳಿದ್ಲು. ನಾವ್ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ನಿನ್ನೆ ಈ ರೂಮಲ್ಲಿ ನಾಲ್ಕು ಜನ ಇದ್ರು ಅರ್ಪಿತ. ನೀನು ಮೂರು ಲೆಕ್ಕ ಕೊಟ್ಟೆ. ಬಾಯಿಲ್ಲದೋರನ್ನ ಸಾಕ್ಷೀಲೂ ಸೇರಿಸ್ಲಿಲ್ಲ, ಅನುಮಾನದಲ್ಲೂ ಸೇರಿಸ್ಲಿಲ್ಲ.”

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಚಿಕ್ಕಬೋರಮ್ಮ ತಲೆ ಎತ್ತಿಯೇ ಕೂತಿದ್ದರು.

“ಬೋರಕ್ಕ, ನೀವೇ ಅಲ್ವಾ?” ಭಾಗ್ಯಲಕ್ಷ್ಮಿಯ ದನಿಯಲ್ಲಿ ಠಾಣೆಯ ಗಡಸು ಇರಲಿಲ್ಲ.

ಆಕೆ ತಲೆಯಾಡಿಸಿದರು. ಹೌದು.

“ಅತ್ತೆ… ಯಾಕೆ?” ಅರ್ಪಿತ ಅವರ ಮುಂದೆ ಮಂಡಿಯೂರಿದಳು.

ಚಿಕ್ಕಬೋರಮ್ಮ ಫೋನು ತೆಗೆದುಕೊಂಡರು. ಓದಿದ್ದು ನಾಲ್ಕನೇ ಕ್ಲಾಸು. ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಅರ್ಪಿತ ಓದುತ್ತಾ ಹೋದಳು.

‘ಅದು ನನ್ ಪದ ಅಲ್ಲ ಕಣವ್ವ. ಯಾರೋ ಅಟ್ಟಿಸ್ಕಂಡ್ ಬಂದಂಗೆ ಓಡ್ತದೆ. ಉಸ್ರೆಲ್ಲಾ ತಗದ್ಬುಟ್ಟಿದ್ದೀಯ.’

ಅರ್ಪಿತಳಿಗೆ ತಾನು ಮಾಡಿದ್ದು ಕಣ್ಣ ಮುಂದೆ ಬಂತು. ಸಾಲಿಗೂ ಸಾಲಿಗೂ ನಡುವೆ ಅತ್ತೆ ಉಸಿರೆಳೆದುಕೊಂಡ ಜಾಗಗಳನ್ನೆಲ್ಲ ಹಾರಿಸುವಂತೆ ಪ್ಲೇಯರ್‌ನಲ್ಲಿ ಗುರುತು ಹಾಕಿದ್ದಳು. ತಾಳಕ್ಕೆ ಕೂರಲೆಂದು ವೇಗ ಏರಿಸಿದ್ದಳು. ಬಲು ಅಚ್ಚುಕಟ್ಟಾಯಿತು ಎಂದು ಹಿಗ್ಗಿದ್ದಳು.

ಚಿಕ್ಕಬೋರಮ್ಮ ಇನ್ನೂ ಬರೆಯುತ್ತಿದ್ದರು.

‘ಮೂಗಲ್ಲಿ ಬಾಯಲ್ಲಿ ಉಸ್ರು ಎಳ್ಕಂಡು ಪದ ಏಳಿದ್ದು ಅದೊಂದ್ರಲ್ಲೇ ಉಳ್ದಿರೋದು. ಅದ್ನೂ ತಗದ್ರೆ ನಾನೆಲ್ಲಿ?’

“ನಂಗೆ ಹೇಳ್ಬೋದಿತ್ತಲ್ಲ ಅತ್ತೆ!”

‘ಗುರ್ವಾರ ಬರ್ದು ತೋರಿಸ್ದೆ. ಬಿರ್ರನೆ ಓಯ್ತದೆ ಅಂತ. ನೀನು ನಕ್ಬುಟ್ಟು ಈಗಿನ ಕಾಲ್ದಲ್ಲಿ ಇಂಗೇಯ ಅಂದೆ. ಬಾಯಿಲ್ದಿದ್ರೂ ಏಳ್ದೆ. ನೀನ್ ಕೇಳ್ನಿಲ್ಲ.’

ಅರ್ಪಿತಳಿಗೆ ನೆನಪಿತ್ತು. ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡೇ ಅರ್ಧ ಓದಿ ನಕ್ಕಿದ್ದಳು.

‘ಅಳಿಸಕ್ಕೆ ಮನಸು ಬರ್ನಿಲ್ಲ. ನೀನ್ ಮಾಡದ್ ನೋಡ್ತಾ ಕಲ್ತಿದ್ನಲ್ಲ, ಎಸ್ರು ಬದ್ಲಾಯ್ಸಿ ಬಚ್ಚಿಟ್ಟೆ. ಈ ಮಕ್ಕಳ ಮೇಲೆ ಮಾತು ಬತ್ತದೆ ಅಂತ ತಿಳೀನಿಲ್ಲ. ಬೆಳಗ್ಗಿಂದ ನಿಜ ಏಳಕ್ಕೆ ದೈರ್ಯ ಸಾಲ್ನಿಲ್ಲ.’ ಆಕೆ ದೀಪಿಕಳ ಕಡೆ, ಚಲುವರಾಜುವಿನ ಕಡೆ ನೋಡಿ ಕೈ ಮುಗಿದರು.

ಚಲುವರಾಜು ಓಡಿಬಂದು ಆ ಕೈ ಹಿಡಿದುಕೊಂಡ. “ಬುಡಮ್ಮ! ನಮಗ್ಯಾಕೆ ಕೈ ಮುಗೀತೀಯ?”

ಅರ್ಪಿತ ಕಣ್ಣೊರೆಸಿಕೊಂಡು ದೀಪಿಕಳತ್ತ ತಿರುಗಿದಳು. “ನಿನ್ನ ನಂಬಲಿಲ್ಲ ಕಣೇ. ತಪ್ಪಾಯ್ತು.”

“ಗೊತ್ತು. ಆಮೇಲೆ ಬಯ್ತೀನಿ. ಟೈಮ್ ಎಷ್ಟು ನೋಡು.”

ಒಂದೂವರೆಯಾಗಿತ್ತು. ಅರ್ಪಿತ ಟ್ಯಾಬ್ ಎಳೆದುಕೊಂಡಳು. ಫೈಲಿನ ಹೆಸರು ಬದಲಿಸಲಿಲ್ಲ. ‘ನಂದು’ ಎಂದಿದ್ದುದನ್ನು ಹಾಗೇ ಪ್ಲೇಯರ್‌ಗೆ ತೋರಿಸಿದಳು. ಕತ್ತರಿಸಿದ ಗುರುತುಗಳನ್ನು ಒಂದೊಂದಾಗಿ ಅಳಿಸಿದಳು. ದನಿಯನ್ನು ತಾಳಕ್ಕೆ ಕಟ್ಟಿಹಾಕುವ ಗುಂಡಿಯನ್ನು ಆಫ್ ಮಾಡಿದಳು. ಮೂರು ವಾರದ ಕೆಲಸ ಹತ್ತು ನಿಮಿಷದಲ್ಲಿ ಹೋಯಿತು.

“ತಮಟೆ ರೆಕಾರ್ಡಿಂಗೂ ತೆಗೀತೀನಿ,” ಎಂದಳು. “ಚಲುವಣ್ಣ, ಅತ್ತೆ ದನಿ ಕೇಳ್ಕೊಂಡು ನೀನು ಎದುರಿಗೇ ಬಾರಿಸ್ತೀಯಾ? ಅವ್ರು ನಿಂತ ಕಡೆ ನಿಲ್ಬೇಕು.”

“ನಿಲ್ತೀನಿ. ಪದಕ್ಕೆ ತಮಟೆ ಸರಿ ಬರ್ಬೇಕು ಅಂತ್ಲೇ ಅಲ್ವಾ ನಾನ್ ಮೂರ್ ವಾರ್ದಿಂದ ಬಡ್ಕತಾ ಇದ್ದಿದ್ದು?”

ಸಂಜೆ ಮಂಡ್ಯದ ಸಭಾಂಗಣ ತುಂಬಿತ್ತು. ಹೊಳಲಿನಿಂದ ಹೆಂಗಸರು ಗುಂಪಾಗಿ ಬಂದು ಹಿಂದಿನ ಸಾಲುಗಳಲ್ಲಿ ಕೂತಿದ್ದರು. ವೇದಿಕೆಯ ಮೇಲೆ ಟ್ಯಾಬಿನ ಮುಂದೆ ಅರ್ಪಿತ ಕೂರಲಿಲ್ಲ. ಅಲ್ಲಿ ಚಿಕ್ಕಬೋರಮ್ಮನನ್ನು ಕೂರಿಸಿ, ತಾನು ಪಕ್ಕದಲ್ಲಿ ನಿಂತಳು. ಎಲ್ಲಿ ಒತ್ತಿದರೆ ನುಡಿಯುತ್ತದೆ, ಎಲ್ಲಿ ಒತ್ತಿದರೆ ನಿಲ್ಲುತ್ತದೆ ಎಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಕೆ ಸೆರಗು ಸರಿಪಡಿಸಿಕೊಂಡು ಬೆರಳು ಒತ್ತಿದರು.

ದನಿ ಎದ್ದಿತು. ಅವಸರವಿಲ್ಲದೆ, ತನ್ನ ಹದದಲ್ಲಿ. ಉಸಿರೆಳೆದದ್ದು ಕೂಡ ಕಡೆಯ ಸಾಲಿನವರೆಗೆ ಕೇಳಿಸಿತು. ಚಲುವರಾಜುವಿನ ತಮಟೆ ಆ ಉಸಿರಿಗೆ ಕಾದು ಕಾದು ಬಂತು. ಮೊದಲ ಸಾಲು ಮುಗಿಯುತ್ತಿದ್ದಂತೆ ಚಿಕ್ಕಬೋರಮ್ಮ ಪ್ಲೇಯರ್ ನಿಲ್ಲಿಸಿಬಿಟ್ಟರು.

ಸಭಾಂಗಣ ನಿಶ್ಶಬ್ದವಾಯಿತು. ಕೆಟ್ಟುಹೋಯಿತೇನೋ ಎಂದುಕೊಂಡಳು ಅರ್ಪಿತ. ಬಗ್ಗಿ ಟ್ಯಾಬ್ ನೋಡಲು ಹೋದವಳನ್ನು ಅತ್ತೆ ಕೈಯೆತ್ತಿ ತಡೆದರು. ಅವರ ಕಣ್ಣು ಹಿಂದಿನ ಸಾಲುಗಳ ಮೇಲಿತ್ತು.

ಅಲ್ಲಿ ಹೆಂಗಸೊಬ್ಬಳು ಆ ಸಾಲನ್ನು ಎತ್ತಿಕೊಂಡಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಹೊಳಲಿನ ಹೆಂಗಸರೆಲ್ಲ ಸೇರಿ, ಮದುವೆಮನೆಯ ಚಪ್ಪರದಲ್ಲಿ ಹೇಳುತ್ತಿದ್ದಂತೆಯೇ, ಸಾಲನ್ನು ತಿರುಗಿ ಹೇಳಿದರು. ಅವರು ಪೂರ್ತಿ ಮುಗಿಸುವವರೆಗೂ ಚಿಕ್ಕಬೋರಮ್ಮ ಕಾದರು.

ಆಮೇಲೆ ಎರಡನೆಯ ಸಾಲಿಗೆ ಬೆರಳು ಒತ್ತಿದರು.